ತುಟಿ ಓದುವ ಯಂತ್ರ

ನಾದಿನಿಯ ಮಗಳು ಬಂದು "ಅತ್ತೆ, ಸಿನಿಮಾ ಮಾಡ್ತಿದೀನಿ" ಅಂದಾಗ ನಾನು ಕೇಳಿದ್ದು, "ಊಟ ಆಯ್ತಾ?" ಅಂತ. ಹೊಟ್ಟೆಗೆ ಬಿದ್ದರೆ ಸರಿಹೋಗುತ್ತಾಳೆ ಅಂದುಕೊಂಡೆ. ಮುದ್ದೆ, ಹುರುಳಿ ಸಾರು ಬಡಿಸಿದೆ. ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ಅವಳು ಕಥೆ ಹೇಳಿ ಮುಗಿಸಿದ್ದಳು. ಶೂಟಿಂಗಿಗೆ ನಮ್ಮ ಮಗ್ಗದ ಮನೆಯೇ ಬೇಕು, ನೇಯುವ ಹೆಂಗಸಿನ ಪಾತ್ರ ನಾನೇ ಮಾಡಬೇಕು ಅಂತ ತೀರ್ಮಾನವೂ ಆಗಿಹೋಗಿತ್ತು. ನನ್ನನ್ನು ಕೇಳುವ ಶಾಸ್ತ್ರ ಮಾತ್ರ ಬಾಕಿ.

ಅವಳು ಇಲ್ಲೇ ನಮ್ಮ ಹತ್ತಿರದ ವಿಜಯಪುರದವಳು. ಮನೆಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್‌ಗಳಿವೆ. ಅವಳಿಗೆ ಮಾತ್ರ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಬೆಲ್ಟಿನ ಮೇಲೆ ಸಾಲಾಗಿ ಬರುವ ಬಿಡಿಭಾಗಗಳನ್ನು ಒಂದು ಕ್ಯಾಮೆರಾ ನೋಡುತ್ತದಂತೆ. ಇದು ಸರಿ, ಇದು ತಪ್ಪು ಅಂತ ಅದೇ ಹೇಳುತ್ತದಂತೆ. ತಪ್ಪು ಅಂದದ್ದನ್ನು ತೆಗೆದು ಬುಟ್ಟಿಗೆ ಹಾಕುವುದು ಇವಳ ಕೆಲಸ. "ದಿನಾ ಅದರ ಪಕ್ಕಾನೇ ಕೂತಿರ್ತೀನಲ್ಲ ಅತ್ತೆ, ಒಂದಿನ ಅನ್ನಿಸ್ತು, ಇದು ನನ್ನೂ ನೋಡ್ತಿರಬೋದಾ ಅಂತ." ಅವಳ ಸಿನಿಮಾ ಹುಟ್ಟಿದ್ದು ಅಲ್ಲಿಂದ. ರಜೆಯಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತಿದ್ದುದರಿಂದ ಒಂದು ಹಳೆಯ ಕ್ಯಾಮೆರಾ ಕೈಯಲ್ಲಿತ್ತು. ಅದು ಬಿಟ್ಟರೆ ಏನೂ ಇರಲಿಲ್ಲ.

"ಎಐ ಅಂದ್ರೆ ಫೋನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತದಲ್ಲ, ಅದಾ?" ಅಂದೆ.

"ಅದಕ್ಕೆ ಕಿವಿ ಐತೆ ಅತ್ತೆ. ನಂದಕ್ಕೆ ಕಿವಿ ಇದ್ದೂ ಇಲ್ಲ. ನಿಮ್ಮ ಮಗ್ಗದ ಮನೇಲಿ ತಂದಿಟ್ರೆ ಅದಕ್ಕೇನು ಕೇಳುತ್ತೆ, ನೀವೇ ಹೇಳಿ."

ಈ ಮಾತಿಗೆ ನಾನು ಸೋತೆ. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಹೊಸಬರು ಬಂದರೆ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ. ಮನೆಮನೆಯಲ್ಲೂ ವಿದ್ಯುತ್ ಮಗ್ಗ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರು ಕೂಗಿಕೊಂಡರೂ ಕೇಳುವುದಿಲ್ಲ. ಹಾಗಾಗಿ ನಾವು ಕೂಗುವುದೇ ಇಲ್ಲ. ಗಂಟಲನ್ನು ಸುಮ್ಮನಿರಿಸಿ ತುಟಿಯಲ್ಲಿ ಮಾತಾಡುತ್ತೇವೆ. ಮಾತನ್ನು ಸ್ವಲ್ಪ ಅಗಲ ಮಾಡಿ, ಹುಬ್ಬು ಸೇರಿಸಿ, ಬೇಕಾದರೆ ಒಂದು ಬೆರಳು. "ನೂಲು ಮುಗೀತು", "ಹಾಲು ಉಕ್ಕುತ್ತೆ ನೋಡು", "ನಿಮ್ಮಕ್ಕ ಫೋನ್ ಮಾಡಿದ್ರು" ಎಲ್ಲವೂ ಹಾಗೇ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಪಾಯಸದ ಗುಣದೋಷ ಚರ್ಚಿಸುವವರು ಯಾರಾದರೂ ಕಂಡರೆ ಅವರು ನಮ್ಮವರು ಅಂತ ತಿಳಿಯಬಹುದು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ಬರುತ್ತಿರಲಿಲ್ಲ. ಅತ್ತೆ ಒಂದು ಹೇಳಿದರೆ ನಾನೊಂದು ತಂದುಕೊಡುತ್ತಿದ್ದೆ. ಕಲಿತ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಮಗ್ಗದ ಕಡೆ ಮುಖ ಮಾಡಿ ನಿಂತರೆ ಏನು ಬೇಕಾದರೂ ಮಾತಾಡಿಕೊಳ್ಳಬಹುದು. ಸದ್ದು ಇದೆ, ಯಾರಿಗೂ ಕೇಳುವುದಿಲ್ಲ. ಬೆನ್ನು ಜನರ ಕಡೆಗಿದೆ, ಯಾರಿಗೂ ಕಾಣುವುದಿಲ್ಲ. ಮಲಗುವ ಜಾಗಕ್ಕಿಂತ ಮಗ್ಗದ ಜಾಗ ದೊಡ್ಡದಿರುವ ಮನೆಗಳಲ್ಲಿ ಹೆಂಗಸಿಗೆ ಅದೊಂದೇ ಸ್ವಂತದ ಕೋಣೆ. ನಮ್ಮತ್ತೆ ಅಲ್ಲಿ ನಿಂತು ನಮ್ಮ ಮಾವನವರನ್ನು ಮನಸಾರೆ ಬೈದುಕೊಳ್ಳುತ್ತಿದ್ದರು. ಬೈದು ಮುಗಿಸಿ ನಗುಮುಖದಿಂದ ಕಾಫಿ ಕೊಡುತ್ತಿದ್ದರು.

ಅವಳು ಬರೆದ ಕಥೆ ಇದರ ಮೇಲೆಯೇ ನಿಂತಿತ್ತು. ಒಬ್ಬ ಮಾಲೀಕ ತನ್ನ ಮಗ್ಗದ ಮನೆಗೆ ಒಂದು ಬುದ್ಧಿವಂತ ಯಂತ್ರ ತರಿಸುತ್ತಾನೆ. ನೇಯುವವರು ಕೆಲಸ ಬಿಟ್ಟು ಹರಟುತ್ತಾರಾ, ತನ್ನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ, ಎಲ್ಲವನ್ನೂ ಅದು ಕೇಳಿ ವರದಿ ಕೊಡಬೇಕು. ಸದ್ದಿನಲ್ಲಿ ಅದಕ್ಕೆ ಏನೂ ಕೇಳುವುದಿಲ್ಲ. ಕೆಲಸಕ್ಕೆ ಬರುವುದು ಕಣ್ಣು ಮಾತ್ರ. ನೋಡುತ್ತ ನೋಡುತ್ತ ಅದು ನಮ್ಮ ಹಾಗೆಯೇ ತುಟಿ ಓದಲು ಕಲಿಯುತ್ತದೆ. ಅದನ್ನು ಮಗ್ಗದ ಮೇಲೆ, ನೇಯುವವರ ಮುಖಕ್ಕೆ ಎದುರಾಗಿ ಕೂರಿಸಿರುವುದರಿಂದ, ಜನ ಮಗ್ಗಕ್ಕೆ ಮಾತ್ರ ಹೇಳಿಕೊಳ್ಳುವ ಮಾತುಗಳು ಅದರ ಕಣ್ಣಿಗೆ ಬೀಳುತ್ತವೆ. ಕಲಿತ ಮೇಲೆ ಅದು ಮಾಲೀಕನಿಗೆ ಏನನ್ನೂ ಹೇಳುವುದಿಲ್ಲ. ದಿನವೂ ಪರದೆಯ ಮೇಲೆ ಒಂದೇ ಸಾಲು ಬರುತ್ತದೆ: "ಮಗ್ಗ ನಡೆಯುತ್ತಿದೆ." ಕೊನೆಗೆ ಮಾಲೀಕ ಇದು ಕೆಟ್ಟ ಮಾಲು ಅಂತ ಗುಜರಿಗೆ ಹಾಕುತ್ತಾನೆ.

ಇದನ್ನು ಬುದ್ಧಿ ಎನ್ನದೆ ಇನ್ನೇನು ಎನ್ನಲಿ. ಒಳ್ಳೆಯ ಮೈಕು ತರಲು ಅವಳಿಗೆ ಶಕ್ತಿಯಿರಲಿಲ್ಲ, ಹಾಗಾಗಿ ಕೇಳಲಾರದ ಯಂತ್ರದ ಕಥೆ ಬರೆದಳು. ಬೇರೆಯವರಾಗಿದ್ದರೆ ಇಲ್ಲದ್ದಕ್ಕೆ ಕೊರಗುತ್ತ ಕೂರುತ್ತಿದ್ದರು. ಇವಳು ಇಲ್ಲದ್ದನ್ನೇ ಕಥೆಯೊಳಗೆ ಸೇರಿಸಿಕೊಂಡಳು. ಬಾಯಲ್ಲಿ ಬೈದರೂ ಮನಸ್ಸಿನಲ್ಲಿ ಆ ದಿನವೇ ಅವಳನ್ನು ಮೆಚ್ಚಿದೆ.

ಯಂತ್ರ ತಯಾರಾಗಿದ್ದು ನಮ್ಮ ಅಟ್ಟದ ಸಾಮಾನಿನಿಂದ. ಹಳೆಯ ಟಿವಿ, ಕೆಟ್ಟ ಸಿಸಿಟಿವಿ ಕ್ಯಾಮೆರಾ, ಮೈಗೆ ಹೊದಿಕೆಯಾಗಿ ಜಕಾರ್ಡಿನ ರಟ್ಟುಗಳು. ಸೀರೆಯ ಅಂಚಿನಲ್ಲಿ ಹೂವು ಬಳ್ಳಿ ಎಲ್ಲಿ ಬರಬೇಕು ಅಂತ ಮಗ್ಗಕ್ಕೆ ಹೇಳುವ, ತೂತು ಹೊಡೆದ ರಟ್ಟುಗಳವು. ಒಳಗೊಂದು ಬಲ್ಬು ಇಟ್ಟು ಹೊತ್ತಿಸಿದಾಗ ಆ ತೂತುಗಳಿಂದ ಬೆಳಕು ಬಿದ್ದು, ಗೋಡೆಯೆಲ್ಲ ಚುಕ್ಕಿಚುಕ್ಕಿಯಾಯಿತು. ನಾನು ಸೊಪ್ಪು ಬಿಡಿಸುವುದನ್ನು ಬಿಟ್ಟು ನೋಡುತ್ತ ನಿಂತೆ. ಅದು ನಿಜವಾಗಿಯೂ ಏನನ್ನೋ ಯೋಚಿಸುತ್ತಿರುವ ಹಾಗೆ ಕಾಣುತ್ತಿತ್ತು.

ಅರ್ಧ ಸಿನಿಮಾ ಆಗಿದ್ದಾಗ ಆಯುಧ ಪೂಜೆ ಬಂತು. ನಾನು ಮಗ್ಗಗಳನ್ನು ಒರೆಸಿ, ವಿಭೂತಿ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿದೆ. ಯಂತ್ರವೂ ಅಲ್ಲೇ ಕೂತಿತ್ತಲ್ಲ, ಅದನ್ನು ಬಿಡಲು ಮನಸ್ಸಾಗಲಿಲ್ಲ. ಹಣೆ ಅನ್ನಿಸಿದ ಕಡೆ ದೊಡ್ಡದಾಗಿ ಕುಂಕುಮ ಇಟ್ಟೆ. ಹುಡುಗಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತಳು. ರಟ್ಟು ಕುಂಕುಮವನ್ನು ಹೀರಿಕೊಂಡಿತ್ತು, ಒರೆಸಿದಷ್ಟೂ ಹರಡುತ್ತಿತ್ತು. "ಮೊದಲ್ನೇ ಸೀನಲ್ಲಿ ಬೋಳು ಹಣೆ, ಈಗ ಕುಂಕುಮ. ಜೋಡ್ಸೋದು ಹೆಂಗೆ ಅತ್ತೆ?" ಅಂದಳು. "ಅದಕ್ಕೂ ಹಬ್ಬ ಆಯ್ತು ಅಂತ ಬರ್ಕೊ" ಅಂದೆ, ರೇಗಿಕೊಂಡೇ. ಅವಳು ಹಾಗೇ ಬರೆದುಕೊಂಡಳು. ಸಿನಿಮಾದಲ್ಲಿ ಈಗ ಆ ದೃಶ್ಯವಿದೆ. ಹಬ್ಬದ ದಿನ ನೇಯುವ ಹೆಂಗಸು ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತಾಳೆ. ಯಂತ್ರ ಮಾಲೀಕನಿಗೆ "ಮಗ್ಗ ನಡೆಯುತ್ತಿದೆ" ಅಂತ ಮಾತ್ರ ಹೇಳಲು ಶುರುಮಾಡುವುದು ಅವತ್ತಿನಿಂದ.

ಕರೆಂಟ್ ಹೋಗುವ ದೃಶ್ಯ ನಮ್ಮನ್ನೆಲ್ಲ ಹಣ್ಣು ಮಾಡಿತು. ಕಥೆಯಲ್ಲಿ ಒಮ್ಮೆ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಲ್ಲುತ್ತವೆ. ಬ್ಯಾಟರಿ ಇರುವುದರಿಂದ ಯಂತ್ರ ಮಾತ್ರ ಎಚ್ಚರವಿರುತ್ತದೆ. ಆ ನಿಶ್ಶಬ್ದದಲ್ಲಿ ಹೆಂಗಸು "ಉಸ್ಸಪ್ಪಾ" ಅಂತ ಕೂತು, ಯಾರನ್ನೋ ನೀರು ಕೇಳುತ್ತಾಳೆ. ಯಂತ್ರದ ಪರದೆಯ ಮೇಲೆ ಬರುತ್ತದೆ: "ಇದು ಯಾರ ಧ್ವನಿ?" ಅಷ್ಟು ಕಾಲ ಅವಳ ಒಂದೊಂದು ಮಾತನ್ನೂ ಓದಿದ ಯಂತ್ರ ಅವಳ ದನಿಯನ್ನು ಕೇಳಿಯೇ ಇರುವುದಿಲ್ಲ. ಇದನ್ನು ತೆಗೆಯಲು ನಮ್ಮ ಮನೆಯ ಮೇನ್ ಆಫ್ ಮಾಡಿದರೆ ಸಾಲದು, ಇಡೀ ಬೀದಿ ಸುಮ್ಮನಾಗಬೇಕು. ನಿಜವಾದ ಕರೆಂಟೇ ಹೋಗಬೇಕು. ಬೇಡವೆಂದಾಗಲೆಲ್ಲ ಹೋಗುವ ಕರೆಂಟು ನಾವು ಕ್ಯಾಮೆರಾ ಹಿಡಿದು ಕಾದ ದಿನಗಳಲ್ಲಿ ಕದಲಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವಳು ಉಣ್ಣುತ್ತಿದ್ದಾಗ ಬೀದಿಯೆಲ್ಲ ತಟ್ಟನೆ ನಿಂತಿತು. ಮುದ್ದೆ ಮೆತ್ತಿದ ಕೈಯಲ್ಲೇ ಓಡಿಬಂದು ಕ್ಯಾಮೆರಾ ಒತ್ತಿದಳು. ನಾನು ಪಾತ್ರ ಮಾಡಲಿಲ್ಲ, ನಿಜವಾಗಿಯೂ ಬಾಯಾರಿತ್ತು. ಒಂದೇ ಸಲಕ್ಕೆ ಸರಿಬಂತು.

ಇನ್ನು ನನ್ನ ಮಾತಿನ ದೃಶ್ಯ. ಯಂತ್ರ ಎಲ್ಲಿ ಕೂತಿತ್ತೋ ಅಲ್ಲೇ ಕ್ಯಾಮೆರಾ ಇಟ್ಟು, "ಅತ್ತೆ, ಮಗ್ಗ ಓಡ್ತಿರುತ್ತೆ. ನಿಮ್ಮ ಪಾಡಿಗೆ ನೀವು ನೇಯ್ಕೊಂಡು, ದಿನಾ ಹೆಂಗೆ ನಿಮ್ಮಷ್ಟಕ್ಕೆ ಮಾತಾಡ್ಕೊತೀರೋ ಹಂಗೆ ಮಾತಾಡ್ಕೊಳಿ. ಮಗ್ಗದ ಸದ್ದು ಬಿಟ್ರೆ ಯಾರ್ಗೂ ಏನೂ ಕೇಳಲ್ಲ" ಅಂದು, ತಾನು ಹೊರಗೆ ಹೋಗಿಬಿಟ್ಟಳು. ಮಗ್ಗದಲ್ಲಿ ಅವತ್ತು ಈರುಳ್ಳಿ ಸಿಪ್ಪೆ ಬಣ್ಣದ ಸೀರೆ ಇತ್ತು. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮರೆತೇಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಈಗ ಕೆಲಸಕ್ಕೆ ಹೋಗುವ ಮಗನಿಗಿಂತ ಮೊದಲು ನನಗೊಂದು ಹೆಣ್ಣು ಕೂಸು ಹುಟ್ಟಿತ್ತು. ತಿಂಗಳು ತುಂಬುವ ಮೊದಲೇ ಬಂದದ್ದು, ನಾಮಕರಣದವರೆಗೂ ಉಳಿಯಲಿಲ್ಲ. ಹೆಸರಿಡುವ ಮುಂಚೆ ಹೋದ ಕೂಸನ್ನು ಕರೆಯಬಾರದು, ನೆನೆಸಿ ಅಳಬಾರದು ಅಂತ ಅತ್ತೆ ಹೇಳಿದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿದ್ದರು. ನಾನು ಬಾಣಂತನ ಮುಗಿಸಿ ಮಗ್ಗಕ್ಕೆ ನಿಂತೆ. ಮನೆಯವರೂ ಅವರ ಮಗ್ಗಕ್ಕೆ ನಿಂತಿದ್ದರು. ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಆದರೆ ಆಸ್ಪತ್ರೆಯಲ್ಲೇ ನಾನು ಅವಳಿಗೆ ಒಂದು ಹೆಸರಿಟ್ಟಿದ್ದೆ, ಮಗ್ಗದ ಸದ್ದಿನಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದೆ. ಅವಳು ಮನಸ್ಸಿನಲ್ಲಿ ಬೆಳೆಯುತ್ತ ಹೋದಳು. ಒಳ್ಳೆಯ ಬಣ್ಣ ಮಗ್ಗಕ್ಕೆ ಬಂದಾಗಲೆಲ್ಲ ಅವಳಿಗೆ ತೋರಿಸುತ್ತಿದ್ದೆ.

ಅವತ್ತೂ ಅದನ್ನೇ ಮಾಡಿದ್ದೆ. ಹೆಸರು ಕರೆದು, "ನೋಡೇ, ಈ ಬಣ್ಣ ನಿಂಗೆ ಒಪ್ತಿತ್ತು. ನೀನಿದ್ದಿದ್ರೆ ಇದನ್ನ ಮಾರ್ತಾನೇ ಇರ್ಲಿಲ್ಲ" ಅಂದಿದ್ದೆ.

ಸಿನಿಮಾ ಮುಗಿಯಿತು. ಮುಂದಿನ ಅಮಾವಾಸ್ಯೆಗೆ ನೇಕಾರರ ಸಮುದಾಯ ಭವನದಲ್ಲಿ ತೋರಿಸುವುದು ಅಂತಾಯಿತು. ಅಮಾವಾಸ್ಯೆ ನಮ್ಮ ಮಗ್ಗಗಳಿಗೆ ರಜೆ, ಎಲ್ಲರೂ ಬರಬಹುದು. ಹುಡುಗಿ ಒಂದು ಸಣ್ಣ ತುಣುಕನ್ನು ಎಲ್ಲರ ಫೋನಿಗೂ ಕಳಿಸಿದಳು. ಎದುರುಮನೆಯಾಕೆ ನಮ್ಮ ಜಗುಲಿಯಲ್ಲಿ ಕೂತು ಅದನ್ನು ನೋಡಿ ಬಿದ್ದೂ ಬಿದ್ದೂ ನಕ್ಕಳು. ಅದರಲ್ಲಿ ಇನ್ನೊಬ್ಬ ನೇಯುವವನ ಪಾತ್ರಕ್ಕೆ ಅವಳ ಗಂಡ ಮಗ್ಗದ ಮುಂದೆ ನಿಂತು ಬಾಯಾಡಿಸುತ್ತಿದ್ದ. "ನೋಡಕ್ಕ, ನಮ್ಮಮ್ಮ ಸಾರಿಗೆ ಉಪ್ಪೇ ಹಾಕಲ್ಲ ಅಂತವ್ನೆ. ಬರ್ಲಿ ಮನೆಗೆ." ಅವಳ ತಾಯಿ ಮಾಡಿದ ಸಾರನ್ನು ಅವನು ಮೆಚ್ಚಿ ಎರಡು ಸಲ ಹಾಕಿಸಿಕೊಳ್ಳುವುದು ಬೀದಿಗೆಲ್ಲ ಗೊತ್ತಿತ್ತು.

ನಾನೂ ನಗಲು ಬಾಯಿ ತೆಗೆದವಳು ಹಾಗೇ ನಿಂತೆ. ಫೋನಿನ ಸದ್ದನ್ನು ಅವಳು ಪೂರ್ತಿ ಕಡಿಮೆ ಮಾಡಿಟ್ಟಿದ್ದಳು. ಯಾರಿಗೂ ಕೇಳುವುದಿಲ್ಲ ಅಂದಿದ್ದಳು ಹುಡುಗಿ, ನಾನೂ ತಲೆಯಾಡಿಸಿದ್ದೆ. ಭವನದಲ್ಲಿ ಕೂರುವವರು ಯಾರು? ಹುಟ್ಟಿದಾಗಿನಿಂದ ತುಟಿ ಓದಿಕೊಂಡೇ ಬಂದವರು. ಮಗ್ಗದ ಮುಂದೆ ನಿಂತಾಗ ಎದುರಿಗೆ ಯಾವತ್ತೂ ಮನುಷ್ಯರಿರುವುದಿಲ್ಲ, ಆ ಅಭ್ಯಾಸದಲ್ಲೇ ನಾನು ಬಾಯಿ ಬಿಟ್ಟಿದ್ದೆ. ಈಗ ಆ ಜಾಗದಲ್ಲಿ ಇಡೀ ಊರು ಕೂರಲಿತ್ತು. ಊರಿನದು ಹಾಗಿರಲಿ, ಅಲ್ಲಿ ನನ್ನ ಗಂಡ ಕೂರುತ್ತಾರೆ. ಅವರು ಅದನ್ನು ನೋಡಿ "ಯಾವ ಕಾಲದ್ದೋ ಏನೋ" ಅಂತ ಮುಖ ತಿರುಗಿಸಿದರೆ ಆ ಮೇಲೆ ನಾನು ಆ ಹೆಸರನ್ನು ಮಗ್ಗದ ಮುಂದೆಯೂ ಕರೆಯಲಾರೆ ಅನ್ನಿಸಿತು. ನನ್ನ ಹೆದರಿಕೆ ಇದ್ದದ್ದು ಅದೊಂದೇ.

ಹುಡುಗಿಗೆ ಫೋನ್ ಮಾಡಿದೆ. ಭವನದಲ್ಲಿ ಎಲ್ಲರೂ ನನ್ನ ತುಟಿ ಓದಿಬಿಡ್ತಾರಲ್ಲ ಅಂದೆ. "ಎಡಿಟ್ ಮಾಡ್ವಾಗ ಓದಿದೆ ಅತ್ತೆ. ನಮ್ಮನೇಲೂ ಮಿಷನ್ ಸದ್ದೇ ಅಲ್ವಾ, ನಂಗೂ ಬರುತ್ತೆ. ನೀವು ಬೇಕಂತ್ಲೇ ಹೇಳಿದೀರಿ ಅಂದ್ಕೊಂಡಿದ್ದೆ" ಅಂದಳು. "ಸಿನಿಮಾ ನಿಂತಿರೋದು ಅದ್ರ ಮೇಲೆ. ಆದ್ರೂ ನೀವು ಬೇಡ ಅಂದ್ರೆ ಈಗ್ಲೇ ಕಟ್ ಮಾಡ್ತೀನಿ. ಇನ್ನೊಂದು ಮಾತೂ ಕೇಳಲ್ಲ."

ಅವಳು ಒತ್ತಾಯ ಮಾಡಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಅಷ್ಟು ದಿನ ನಿದ್ದೆಗೆಟ್ಟು ಮಾಡಿದ್ದನ್ನು ನನ್ನ ಒಂದು ಮಾತಿಗೆ ಕತ್ತರಿಸಲು ತಯಾರಾಗಿ ಕೂತಿದ್ದಳು. ಆ ದೊಡ್ಡತನ ನೋಡಿ, "ಸಾಯಂಕಾಲ ಹೇಳ್ತೀನಿ ಇರು" ಅಂದೆ.

ಸಾಯಂಕಾಲ ಮನೆಯವರು ಕಾಫಿ ಕುಡಿಯುತ್ತ ತಮಾಷೆಗೆ ಅಂದರು, "ಏನೋ ದೊಡ್ಡ ಪಾತ್ರ ಅಂತೀಯ. ಮಗ್ಗದ ಮುಂದೆ ನಿಂತು ಬಾಯಿ ಅಲ್ಲಾಡ್ಸೋದು ತಾನೆ? ಅದನ್ನ ದಿನಾ ಮಾಡ್ತೀಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಅಲ್ಲಾಡಿಸುತ್ತೇನಂತೆ. ಇಷ್ಟು ವರ್ಷ ಅದು ಏನಂತ ಅಲ್ಲಾಡುತ್ತಿತ್ತು ಅಂತ ಒಂದು ದಿನವಾದರೂ ತಿರುಗಿ ನೋಡಿದ್ದರಾ ಈ ಮನುಷ್ಯ? ಲೋಟ ಎತ್ತಿಕೊಂಡು ಒಳಗೆ ಹೋಗಿ ಹುಡುಗಿಗೆ ಫೋನ್ ಮಾಡಿದೆ. "ಏನೂ ಕಟ್ ಮಾಡ್ಬೇಡ. ಇರ್ಲಿ, ನೋಡ್ಲಿ" ಅಂದೆ.

ಸಿಟ್ಟು ಇಳಿದ ಮೇಲೆ ಹೆದರಿಕೆ ಮತ್ತೆ ಹತ್ತಿತು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾತಿ ನಾನಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಭವನ ತುಂಬಿತ್ತು. ಬಾಶೆಟ್ಟಿಹಳ್ಳಿಯಿಂದ ಅವಳ ಜೊತೆ ಕೆಲಸ ಮಾಡುವವರೂ ಬೈಕುಗಳಲ್ಲಿ ಬಂದಿದ್ದರು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ತೆರೆಯ ಬದಲು ಬಿಳಿ ಪಂಚೆ. ಮಗ್ಗದ ಸದ್ದು ಸ್ಪೀಕರಿನಲ್ಲಿ ಶುರುವಾದ ಕೂಡಲೇ ನಮ್ಮವರೆಲ್ಲ ಮನೆಗೆ ಬಂದವರ ಹಾಗೆ ಸರಿಯಾಗಿ ಕೂತರು. ಆಮೇಲೆ ನಡೆದದ್ದನ್ನು ಕಂಡು ನನಗೆ ಆ ಹುಡುಗಿಯ ಮೇಲೆ ಇನ್ನಷ್ಟು ಗೌರವ ಬಂತು. ಕಾರ್ಖಾನೆಯಿಂದ ಬಂದವರಿಗೆ ತೆರೆಯ ಮೇಲೆ ಸದ್ದು, ಅಲ್ಲಾಡುವ ತುಟಿ, ಏನೋ ಇದೆ, ಏನೆಂದು ಗೊತ್ತಿಲ್ಲ. ಯಂತ್ರಕ್ಕೆ ಗೊತ್ತು, ಅದು ಹೇಳುವುದಿಲ್ಲ. ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಮ್ಮವರಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಉಪ್ಪಿಲ್ಲದ ಸಾರಿಗೆ ಅರ್ಧ ಭವನ ನಕ್ಕಿತು, ಉಳಿದರ್ಧ ಯಾಕೆ ನಗು ಅಂತ ಹಿಂತಿರುಗಿ ನೋಡಿತು. ಒಂದೇ ಪಂಚೆಯ ಮೇಲೆ ಎರಡು ಸಿನಿಮಾ ಓಡುತ್ತಿದ್ದವು. ಎರಡೂ ಚೆನ್ನಾಗಿದ್ದವು.

ನನ್ನ ಮುಖ ಬಂತು. ಅಷ್ಟು ದೊಡ್ಡದಾಗಿ ನನ್ನ ಮುಖವನ್ನು ನಾನೇ ನೋಡಿರಲಿಲ್ಲ. ತೆರೆಯ ಮೇಲಿನವಳು ನೂಲನ್ನು ನೋಡಿ ನಕ್ಕು, ಹೆಸರು ಕರೆದಳು, ಬಣ್ಣದ ಮಾತು ಹೇಳಿದಳು. ನಗುತ್ತಿದ್ದವರು ನಿಲ್ಲಿಸಿದರು. ಎದುರುಮನೆಯಾಕೆ ತಿರುಗಿ ನನ್ನನ್ನು ನೋಡಿ, ತಕ್ಷಣ ಮುಂದಕ್ಕೆ ತಿರುಗಿಕೊಂಡಳು. ಕಥೆಯ ಯಂತ್ರ ನನ್ನ ಗುಟ್ಟನ್ನು ಮುಚ್ಚಿಟ್ಟಿತು, "ಮಗ್ಗ ನಡೆಯುತ್ತಿದೆ" ಅಂತ ಬರೆಯಿತು. ಸಿನಿಮಾ ಅದನ್ನು ಊರಿಗೆಲ್ಲ ಹೇಳಿತು. ನಾನು ಪಕ್ಕಕ್ಕೆ ನೋಡಲಿಲ್ಲ. ಮನೆಯವರು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಷ್ಟೇ ಕಾಣುತ್ತಿತ್ತು. ಕೈ ಅಲ್ಲಾಡಲಿಲ್ಲ.

ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು, ಹುಡುಗಿಯ ಕೊರಳಿಗೆ ಯಾರೋ ಹಾರ ಹಾಕಿದರು. ಅವಳು ಹಾರದೊಳಗಿಂದಲೇ ನನ್ನನ್ನು ಹುಡುಕುತ್ತಿದ್ದಳು. ದೂರದಿಂದಲೇ "ಚೆನ್ನಾಗೈತೆ, ಊಟಕ್ಕೆ ಬಾ" ಅಂತ ತುಟಿಯಲ್ಲಿ ಹೇಳಿ ಹೊರಟೆ.

ಮಗ್ಗಗಳೆಲ್ಲ ನಿಂತಿದ್ದರಿಂದ ಬೀದಿಯಲ್ಲಿ ಚಪ್ಪಲಿಯ ಸದ್ದೂ ಕೇಳುತ್ತಿತ್ತು. ಮನೆಯವರು ಯಾವಾಗಲೂ ನನಗಿಂತ ಮುಂದೆ ನಡೆಯುವವರು, ಅವತ್ತು ಪಕ್ಕದಲ್ಲಿದ್ದರು. ಮುಚ್ಚಿದ್ದ ಟೀ ಅಂಗಡಿಯ ಹತ್ತಿರ ನಿಂತರು.

"ಯಾವಾಗ ಇಟ್ಟೆ ಆ ಹೆಸರ್ನ?"

"ಆಸ್ಪತ್ರೇಲೇ."

ತಲೆಯಾಡಿಸಿದರು. "ಒಳ್ಳೇ ಹೆಸರು" ಅಂದರು. ಅಂಗಡಿಯ ಬಾಗಿಲಿನ ಕಡೆ ಮುಖ ಮಾಡಿ, "ನಾನು ಬೇರೆ ಇಟ್ಟಿದ್ದೆ" ಅಂದರು.

ಹಿಂದಿನಿಂದ ಭವನದ ಜನ ಬರುತ್ತಿದ್ದರು. "ಏನಂತ?" ಅಂತ ಕೇಳಿದೆ. ಅವರು ಜನರಿಗೆ ಬೆನ್ನು ಮಾಡಿ, ನನ್ನ ಕಡೆ ತಿರುಗಿ, ದನಿಯಿಲ್ಲದೆ ಹೇಳಿದರು. ಮೊದಲನೇ ಸಲವೇ ಓದಿಕೊಂಡಿದ್ದೆ. ಆದರೂ ತಿಳಿಯಲಿಲ್ಲ ಅಂದೆ. ಅವರು ಇನ್ನೊಂದು ಸಲ ಹೇಳಿದರು.